ಬೀಜದ ಕ್ಯಾನ್ಸರ್: ಆಪರೇಶನ್ ಆಯಿತು, ಮುಂದೇನು?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ವೃಷಣದ ಕ್ಯಾನ್ಸರ್ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಂದಕ್ಕೂ ಹೆಸರಿಲ್ಲ. ಸಂಕೋಚ ಅರ್ಥವಾಗುವಂಥದ್ದೇ. ಆದರೆ ಬಹುಪಾಲು ಪತ್ರಗಳ ಗೊಂದಲ ಒಂದೇ: ಗಡ್ಡೆಯಿದ್ದ ಬೀಜ ತೆಗೆದದ್ದಾಯಿತು, ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಏನೂ ಕಾಣುತ್ತಿಲ್ಲ, ಆದರೂ ಒಬ್ಬ ಡಾಕ್ಟರ್ ಕಿಮೋ ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಏನೂ ಬೇಡ, ಚೆಕಪ್‌ಗೆ ಬನ್ನಿ ಸಾಕು ಅನ್ನುತ್ತಾರೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಇಲ್ಲಿ ಹೇಳುವುದೆಲ್ಲ ಮೊದಲ ಹಂತದ ಕಾಯಿಲೆಗೆ ಮಾತ್ರ ಅನ್ವಯ. ಅಂದರೆ ಕಾಯಿಲೆ ಬೀಜದ ಮಟ್ಟದಲ್ಲೇ ಇದ್ದು, ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್ ಶುದ್ಧವಾಗಿದ್ದು, ಕಾಯಿಲೆಯ ಸುಳಿವು ಕೊಡುವ ರಕ್ತದ ಟ್ಯೂಮರ್ ಮಾರ್ಕರ್‌ಗಳು ಆಪರೇಶನ್ ನಂತರ ಸಹಜ ಮಟ್ಟಕ್ಕೆ ಇಳಿದವರಿಗೆ.

ಪ್ರಶ್ನೆ: ನನಗೆ 31 ವರ್ಷ. ಬಲಗಡೆಯ ಬೀಜ ತೆಗೆದು ಮೂರು ವಾರವಾಯಿತು. ಬಯಾಪ್ಸಿಯಲ್ಲಿ ‘ಪ್ಯೂರ್ ಸೆಮಿನೋಮಾ, 2.8 ಸೆಂ.ಮೀ., ರೀಟಿ ಟೆಸ್ಟಿಸ್‌ಗೆ ಹರಡಿಲ್ಲ’ ಎಂದಿದೆ. ಒಬ್ಬರು ಒಂದು ಡೋಸ್ ಕಾರ್ಬೋಪ್ಲಾಟಿನ್ ಕಿಮೋ ಹಾಕಿಸಿಕೊಳ್ಳಿ ಎಂದರು. ಇನ್ನೊಬ್ಬರು ಬರೀ ನಿಗಾ ಸಾಕು ಎಂದರು. ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನೆ ಕೂರುವುದು ಸರಿಯೇ?
– ದಾವಣಗೆರೆ

ನೀವು ಕ್ಯಾನ್ಸರ್ ಇಟ್ಟುಕೊಂಡು ಕೂತಿಲ್ಲ. ನಿಮ್ಮ ಮೈಯಲ್ಲಿ ಈಗ ಕ್ಯಾನ್ಸರ್ ಇಲ್ಲದಿರುವ ಸಾಧ್ಯತೆಯೇ ಬಹಳ ಹೆಚ್ಚು. ಕಣ್ಣಿಗೆ ಕಾಣದಷ್ಟು ಕೆಲವು ಕಣಗಳು ಆಪರೇಶನ್‌ಗೆ ಮುಂಚೆಯೇ ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳಿಗೆ ಹೋಗಿರಬಹುದೇ ಎಂಬುದಷ್ಟೇ ಉಳಿದಿರುವ ಅನುಮಾನ.

ಸೆಮಿನೋಮಾ ಎಂಬುದು ವೃಷಣದ ಕ್ಯಾನ್ಸರ್‌ನ ಒಂದು ಬಗೆ. ಅದರಲ್ಲಿ ಈ ಅನುಮಾನವನ್ನು ಅಳೆಯಲು ನೋಡುವುದು ಮುಖ್ಯವಾಗಿ ಎರಡು ಸಂಗತಿ. ಗಡ್ಡೆ 4 ಸೆಂ.ಮೀ. ದಾಟಿದೆಯೇ? ಬೀಜದೊಳಗಿನ ಸಣ್ಣ ನಾಳಗಳ ಜಾಲಕ್ಕೆ, ಅಂದರೆ ರೀಟಿ ಟೆಸ್ಟಿಸ್‌ಗೆ, ನುಗ್ಗಿದೆಯೇ? ಎರಡೂ ಇದ್ದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಕಾಯಿಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಎರಡೂ ಇಲ್ಲದವರಲ್ಲಿ ಅದು ನೂರಕ್ಕೆ ಹತ್ತನ್ನು ಮುಟ್ಟುವುದಿಲ್ಲ. ನೀವು ಈ ಎರಡನೆಯ ಗುಂಪಿನವರು.

ಈಗ ನೂರು ಸೆಮಿನೋಮಾ ರೋಗಿಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಎಲ್ಲರನ್ನೂ ನಿಗಾದಲ್ಲಿಟ್ಟರೆ 15ರಿಂದ 20 ಮಂದಿಗೆ ಮರುಕಳಿಸುತ್ತದೆ, ಉಳಿದ 80ಕ್ಕೂ ಹೆಚ್ಚು ಮಂದಿ ಇನ್ನಾವ ಔಷಧಿಯೂ ಇಲ್ಲದೆ ಪಾರಾಗುತ್ತಾರೆ. ಎಲ್ಲರಿಗೂ ಕಾರ್ಬೋಪ್ಲಾಟಿನ್ ಕೊಟ್ಟರೆ ಮರುಕಳಿಸುವವರು ಸುಮಾರು 5ಕ್ಕೆ ಇಳಿಯುತ್ತಾರೆ. ಆದರೆ ಆ 80 ಮಂದಿಗೂ ಬೇಕಿಲ್ಲದ ಔಷಧಿ ಹೋಗಿರುತ್ತದೆ. ಎರಡೂ ದಾರಿಯಲ್ಲಿ ಬದುಕುಳಿಯುವವರು ಮಾತ್ರ ಒಂದೇ ಸಮ, ನೂರಕ್ಕೆ ಸುಮಾರು 99. ಏಕೆಂದರೆ ನಿಗಾದಲ್ಲಿದ್ದಾಗ ಸಿಗುವ ಮರುಕಳಿಕೆ ಸಾಮಾನ್ಯವಾಗಿ ಸಣ್ಣದಿರುವಾಗಲೇ ಸಿಗುತ್ತದೆ, ಮತ್ತು ಈ ಕ್ಯಾನ್ಸರ್ ಕಿಮೋಗೆ ಬಗ್ಗುವಷ್ಟು ಬೇರೆ ಕ್ಯಾನ್ಸರ್‌ಗಳು ಬಗ್ಗುವುದು ಅಪರೂಪ. ಹಾಗಾಗಿ ನಿಮ್ಮ ಮುಂದಿರುವ ಆಯ್ಕೆ ಸಾವು ಬದುಕಿನದ್ದಲ್ಲ. ಎಲ್ಲರೂ ಸ್ವಲ್ಪ ಔಷಧಿ ತಗೊಳ್ಳಬೇಕೋ, ಬೇಕಾದ ಕೆಲವರು ಮಾತ್ರ ಹೆಚ್ಚು ತಗೊಳ್ಳಬೇಕೋ ಎಂಬುದು.

ನಿಮ್ಮ ರಿಪೋರ್ಟ್ ನೋಡಿದರೆ ನಮ್ಮ ಅಭಿಪ್ರಾಯ ನಿಗಾದ ಕಡೆಗೇ. ಆದರೆ ನಿಗಾ ಎಂದರೆ ದಿನಾಂಕ ಗುರುತು ಹಾಕಿಟ್ಟ ಐದು ವರ್ಷದ ಕೆಲಸ. ಬ್ರಿಟನ್ನಿನಲ್ಲಿ 669 ಸೆಮಿನೋಮಾ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಟ್ರಿಸ್ಟ್ ಅಧ್ಯಯನದಲ್ಲಿ ಒಂದು ಗುಂಪಿಗೆ 6, 12, 18, 24, 36, 48 ಮತ್ತು 60ನೇ ತಿಂಗಳಲ್ಲಿ, ಹೀಗೆ ಏಳು ಸಲ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಇನ್ನೊಂದು ಗುಂಪಿಗೆ 6, 18 ಮತ್ತು 36ನೇ ತಿಂಗಳಲ್ಲಿ ಮೂರೇ ಸಲ. ಮೂರು ಸಲದ ಗುಂಪಿನವರಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಸಿಟಿ ಬದಲು ಎಂಆರ್‌ಐ ಮಾಡಿದರೂ ಕೆಲಸ ನಡೆಯುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿ ಗೊತ್ತಾಯಿತು. ನಿಮ್ಮ ಆಸ್ಪತ್ರೆಯ ಪಟ್ಟಿ ಸ್ವಲ್ಪ ಬೇರೆ ಇರಬಹುದು, ತೊಂದರೆಯಿಲ್ಲ. ಪಟ್ಟಿಯನ್ನು ಬರೆಸಿಕೊಂಡು ಬನ್ನಿ, ಬಾಯಿಮಾತಿಗೆ ಬಿಡಬೇಡಿ. ಸೆಮಿನೋಮಾದಲ್ಲಿ ಮಾರ್ಕರ್ ಏರದೆಯೇ ಕಾಯಿಲೆ ಮರಳುವುದು ಹೆಚ್ಚು. ಆದ್ದರಿಂದ ರಕ್ತಪರೀಕ್ಷೆ ಸರಿಯಿದೆ ಎಂದು ಸ್ಕ್ಯಾನ್ ತಪ್ಪಿಸುವಂತಿಲ್ಲ.

ಇಷ್ಟೆಲ್ಲ ಕೇಳಿಯೂ ಪ್ರತಿ ಸ್ಕ್ಯಾನ್‌ಗೆ ವಾರವಿಡೀ ನಿದ್ದೆ ಬರುವುದಿಲ್ಲ, ಡೋಸ್ ಹಾಕಿಸಿಕೊಂಡೇ ಬಿಡುತ್ತೇನೆ ಎಂದರೆ ಅದು ತಪ್ಪು ನಿರ್ಧಾರವೇನಲ್ಲ. ಆಗ ಗಮನಿಸಬೇಕಾದದ್ದು ಡೋಸ್ ಲೆಕ್ಕ. ಕಾರ್ಬೋಪ್ಲಾಟಿನ್ನನ್ನು ತೂಕ ನೋಡಿ ಕೊಡುವುದಿಲ್ಲ. ಕಿಡ್ನಿ ಎಷ್ಟು ವೇಗದಲ್ಲಿ ರಕ್ತ ಸೋಸುತ್ತದೆ ಎಂದು ನೋಡಿ, ಆ ಜಿಎಫ್‌ಆರ್ ಸಂಖ್ಯೆಗೆ 25 ಕೂಡಿಸಿ, 7ರಿಂದ ಗುಣಿಸಬೇಕು. ಜಿಎಫ್‌ಆರ್ 100 ಇದ್ದರೆ 125 × 7, ಅಂದರೆ 875 ಮಿ.ಗ್ರಾಂ. ಬರೀ ಕ್ರಿಯಾಟಿನಿನ್‌ನಿಂದ ಅಂದಾಜು ಹಾಕುವುದಕ್ಕಿಂತ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಜಿಎಫ್‌ಆರ್ ಅಳೆಸುವುದು ಒಳ್ಳೆಯದು. ‘ಸ್ವಲ್ಪ ಕಡಿಮೆ ಕೊಡೋಣ, ಹುಡುಗನಿಗೆ ತೊಂದರೆ ಬೇಡ’ ಎಂದು ಡೋಸ್ ಇಳಿಸಿದರೆ ಔಷಧಿಯ ಕಷ್ಟವೂ ಬರುತ್ತದೆ, ರಕ್ಷಣೆಯೂ ಪೂರ್ತಿ ಸಿಗುವುದಿಲ್ಲ. ಪ್ಲೇಟ್‌ಲೆಟ್ ಅತಿ ಕೆಳಗೆ ಇಳಿಯುವುದು ಸುಮಾರು ಮೂರನೇ ವಾರದಲ್ಲಿ, ಆಗೊಮ್ಮೆ ರಕ್ತ ತೋರಿಸಿ. ಡೋಸ್ ಆದಮೇಲೂ ಸ್ಕ್ಯಾನ್ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಇದನ್ನು ಕೇಳಿದಮೇಲೆ ಮನಸ್ಸು ಬದಲಾಯಿಸುವವರೂ ಇದ್ದಾರೆ.

ಮೂರನೆಯ ದಾರಿ ರೇಡಿಯೇಶನ್. ಎರಡು ವಾರದಲ್ಲಿ ಹತ್ತು ಸಲ, ಒಟ್ಟು 20 ಗ್ರೇ (ವಿಕಿರಣದ ಅಳತೆ). ಇದರಿಂದಲೂ ಮರುಕಳಿಕೆ ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಆದರೆ ವಿಕಿರಣ ಬಿದ್ದ ಜಾಗದಲ್ಲಿ ಎರಡು ಮೂರು ದಶಕದ ನಂತರ ಬೇರೆ ಕ್ಯಾನ್ಸರ್ ಹುಟ್ಟುವ ಅಪಾಯ ಹೆಚ್ಚುತ್ತದೆ. 31 ವರ್ಷದವರಿಗೆ ಅದು ಸಣ್ಣ ಮಾತಲ್ಲ, ಹಾಗಾಗಿ ಈಗ ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಪ್ರಶ್ನೆ: ಕ್ರಿಕೆಟಿಗ ಯುವರಾಜ್ ಸಿಂಗ್‌ಗೆ ಬಂದದ್ದೂ ಸೆಮಿನೋಮಾ ಅಂತೆ. ಅವರು ಅಮೆರಿಕಕ್ಕೆ ಹೋಗಿ ಕಿಮೋ ತಗೊಂಡರು. ನನಗೆ ಮಾತ್ರ ಏಕೆ ಬೇಡ ಅನ್ನುತ್ತಿದ್ದಾರೆ?
– ಹಾಸನ

ಕಾಯಿಲೆಯ ಜಾತಿ ಒಂದೇ, ಜಾಗ ಬೇರೆ. ಅವರಿಗೆ ಗಡ್ಡೆ ಇದ್ದದ್ದು ಎದೆಯೊಳಗೆ, ಎರಡು ಶ್ವಾಸಕೋಶಗಳ ನಡುವೆ. ಅಲ್ಲಿ ಕಿಮೋನೇ ಮುಖ್ಯ ಚಿಕಿತ್ಸೆ. ನಿಮ್ಮ ಗಡ್ಡೆಯನ್ನು ಬೀಜದ ಸಮೇತ ತೆಗೆದಾಗಿದೆ. ಅವರು 2012ರಲ್ಲಿ ಚಿಕಿತ್ಸೆ ಪಡೆದದ್ದು ಇಂಡಿಯಾನಾಪೊಲಿಸ್‌ನಲ್ಲಿ, ಡಾ. ಲಾರೆನ್ಸ್ ಐನ್‌ಹಾರ್ನ್ ಅವರ ಬಳಿ. 1974ರಲ್ಲಿ ಈ ಕ್ಯಾನ್ಸರ್‌ಗೆ ಸಿಸ್‌ಪ್ಲಾಟಿನ್ ಕೂಡಿದ ಕಿಮೋ ಶುರುಮಾಡಿ, ಹರಡಿದ ಕಾಯಿಲೆಯನ್ನೂ ಗುಣಪಡಿಸಬಹುದೆಂದು ತೋರಿಸಿದವರು ಅವರೇ. ಆ ಔಷಧಿ ಕೈಯಲ್ಲಿ ಇರುವುದರಿಂದಲೇ ಇಂದು ನಿಮಗೆ ‘ಈಗ ಬೇಡ, ಬಂದರೆ ನೋಡೋಣ’ ಎಂದು ಧೈರ್ಯವಾಗಿ ಹೇಳಲು ಆಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 27 ವರ್ಷ. ಆಪರೇಶನ್‌ಗೆ ಮುಂಚೆ ಎಎಫ್‌ಪಿ 800 ಇತ್ತು. ಮೂರು ವಾರದ ಮೇಲೆ ಮಾಡಿಸಿದಾಗ 60 ಇದೆ, ನಾರ್ಮಲ್ ಅಂದರೆ 10ರ ಕೆಳಗೆ ಎಂದು ಲ್ಯಾಬ್‌ನಲ್ಲಿ ಬರೆದಿದ್ದಾರೆ. ಇನ್ನೂ ಕ್ಯಾನ್ಸರ್ ಉಳಿದಿದೆಯೇ? ಬಯಾಪ್ಸಿಯಲ್ಲಿ ‘ಮಿಕ್ಸೆಡ್ ಜರ್ಮ್ ಸೆಲ್ ಟ್ಯೂಮರ್, ಎಂಬ್ರಯೋನಲ್ 70%, ಎಲ್‌ವಿಐ ಪ್ರೆಸೆಂಟ್’ ಎಂದಿದೆ. ಸಿಟಿಯಲ್ಲಿ ಏನೂ ಇಲ್ಲ. ಕಿಮೋ ಬೇಕೇ ಬೇಕೇ?
– ಶಿರಸಿ

60 ನೋಡಿ ಗಾಬರಿಯಾಗಬೇಡಿ, ಲೆಕ್ಕ ಹಾಕಿ ನೋಡೋಣ. ಎಎಫ್‌ಪಿ ಒಂದು ಟ್ಯೂಮರ್ ಮಾರ್ಕರ್. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 5ರಿಂದ 7 ದಿನ ಬೇಕು. 7 ದಿನ ಎಂದಿಟ್ಟುಕೊಂಡರೆ 21 ದಿನದಲ್ಲಿ 800 ಮೂರು ಸಲ ಅರ್ಧವಾಗುತ್ತದೆ: 400, 200, 100. 5 ದಿನ ಎಂದುಕೊಂಡರೆ 45ರ ಹತ್ತಿರ ಬರಬೇಕು. ನಿಮ್ಮವರ 60 ಇವೆರಡರ ನಡುವೆ ಕೂತಿದೆ, ಸರಿಯಾದ ದಾರಿಯಲ್ಲೇ ಇಳಿಯುತ್ತಿದೆ. 10ರ ಕೆಳಗೆ ಬರಲು ಒಟ್ಟು 5ರಿಂದ 7 ವಾರ ಬೇಕಾಗಬಹುದು. ಅಲ್ಲಿಯವರೆಗೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಅದೇ ಲ್ಯಾಬ್‌ನಲ್ಲಿ ಮಾಡಿಸಿ, ಸಂಖ್ಯೆಗಳನ್ನು ದಿನಾಂಕದ ಜೊತೆ ಒಂದೇ ಹಾಳೆಯಲ್ಲಿ ಬರೆಯುತ್ತ ಹೋಗಿ. ಬೀಟಾ ಎಚ್‌ಸಿಜಿ ಎಂಬ ಇನ್ನೊಂದು ಮಾರ್ಕರ್ ಇನ್ನೂ ಬೇಗ ಇಳಿಯುತ್ತದೆ, ಅದಕ್ಕೆ ಅರ್ಧವಾಗಲು ಒಂದು ಒಂದೂವರೆ ದಿನ ಸಾಕು. ಸಂಖ್ಯೆ ಎಲ್ಲೋ ನಿಂತುಬಿಟ್ಟರೆ ಅಥವಾ ಮತ್ತೆ ಏರಿದರೆ ಮಾತ್ರ ಕಥೆ ಬೇರೆ. ಆಗ ಸ್ಕ್ಯಾನ್ ಶುದ್ಧವಿದ್ದರೂ ಕಾಯಿಲೆ ಎಲ್ಲೋ ಉಳಿದಿದೆ ಎಂದು ತಿಳಿದು ಪೂರ್ತಿ ಕಿಮೋ, ಸಾಮಾನ್ಯವಾಗಿ ಮೂರು ಸೈಕಲ್, ಕೊಡಬೇಕಾಗುತ್ತದೆ. ಇಳಿಯುವ ಮುಂಚೆಯೇ ಆತುರಪಟ್ಟು ಒಂದು ಸೈಕಲ್ ಕೊಟ್ಟುಬಿಟ್ಟರೆ, ನಿಜಕ್ಕೂ ಬೇಕಿದ್ದದ್ದು ಒಂದೋ ಮೂರೋ ಎಂದು ಆಮೇಲೆ ಹೇಳುವುದು ಕಷ್ಟ.

ಸಹಜಕ್ಕೆ ಇಳಿಯಿತು ಎಂದುಕೊಳ್ಳೋಣ. ಆಗ ಬರುವುದು ನಿಮ್ಮ ಎರಡನೆಯ ಪ್ರಶ್ನೆ. ಎಲ್‌ವಿಐ ಎಂದರೆ ಗಡ್ಡೆಯ ಕಣಗಳು ಬೀಜದೊಳಗಿನ ರಕ್ತನಾಳ ಅಥವಾ ದುಗ್ಧನಾಳದ ಒಳಗೆ ಕಂಡಿವೆ ಎಂದು. ಸೆಮಿನೋಮಾ ಅಲ್ಲದ ಇಂಥ ಗಡ್ಡೆಗಳಲ್ಲಿ, ಅಂದರೆ ನಾನ್‌ಸೆಮಿನೋಮಾದಲ್ಲಿ, ನಿರ್ಧಾರ ನಿಂತಿರುವುದು ಬಹುಮಟ್ಟಿಗೆ ಈ ಒಂದು ಸಾಲಿನ ಮೇಲೆ. ಅದು ಇಲ್ಲದವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಮರುಕಳಿಸುತ್ತದೆ, ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಹಾಗಾಗಿ ಮೊದಲ ಕೆಲಸ, ಆ ಸಾಲು ನಿಜವೇ ಎಂದು ಖಾತ್ರಿ ಮಾಡಿಕೊಳ್ಳುವುದು. ಈ ಗಡ್ಡೆಗಳು ಮೆತ್ತಗಿರುತ್ತವೆ. ಕತ್ತರಿಸುವಾಗ ಕಣಗಳು ಚಾಕುವಿಗೆ ಅಂಟಿ ರಕ್ತನಾಳದೊಳಗೆ ಬಿದ್ದರೆ ಎಲ್‌ವಿಐ ಇದ್ದ ಹಾಗೆಯೇ ಕಾಣುತ್ತದೆ. ಆಸ್ಪತ್ರೆಯಿಂದ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆದು, ಇಂಥ ಗಡ್ಡೆಗಳನ್ನು ಪದೇಪದೇ ನೋಡುವ ದೊಡ್ಡ ಕ್ಯಾನ್ಸರ್ ಕೇಂದ್ರದ ಪೆಥಾಲಜಿ ವಿಭಾಗದಲ್ಲಿ ಮತ್ತೊಮ್ಮೆ ಓದಿಸಿ. ಬರೀ ರಿಪೋರ್ಟ್‌ನ ಜೆರಾಕ್ಸ್ ಸಾಲದು. ನಮ್ಮಲ್ಲಿ ಈ ಕ್ಯಾನ್ಸರ್ ಅಪರೂಪ, ಸಣ್ಣ ಲ್ಯಾಬ್‌ಗೆ ವರ್ಷಕ್ಕೊಂದು ಬಂದರೆ ಹೆಚ್ಚು.

ಎಲ್‌ವಿಐ ನಿಜವೆಂದೇ ಇಟ್ಟುಕೊಂಡರೆ ದಾರಿ ಎರಡು. ಒಂದು, ಈಗಲೇ ಒಂದು ಸೈಕಲ್ ಬಿಇಪಿ ಎಂಬ ಮೂರು ಔಷಧಿಗಳ ಕಿಮೋ. ಇದರಿಂದ ಮರುಕಳಿಕೆ ನೂರಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ಎರಡು, ನಿಗಾದಲ್ಲಿದ್ದು ಬಂದರೆ ಮೂರು ಸೈಕಲ್. ಇಲ್ಲಿ ಲೆಕ್ಕ ಸೆಮಿನೋಮಾದ ಹಾಗೆ ಒಂದೇ ಕಡೆ ವಾಲುವುದಿಲ್ಲ. ನೂರು ಮಂದಿಯನ್ನು ನಿಗಾದಲ್ಲಿಟ್ಟರೆ 50 ಮಂದಿಗೆ ಮೂರು ಮೂರರಂತೆ 150 ಸೈಕಲ್ ಆಗುತ್ತದೆ. ಎಲ್ಲರಿಗೂ ಮೊದಲೇ ಒಂದು ಕೊಟ್ಟರೆ 100 ಸೈಕಲ್, ಮತ್ತೆ ಕೆಲವರಿಗೆ ಇನ್ನಷ್ಟು. ಆದರೆ ಆ ಮೊದಲ ಲೆಕ್ಕದಲ್ಲಿ ಉಳಿದ 50 ಮಂದಿಗೆ ಏನೂ ತಾಕಿರುವುದಿಲ್ಲ. ಜೀವ ಉಳಿಯುವ ಪ್ರಮಾಣ ಎರಡರಲ್ಲೂ ಒಂದೇ. ಅದಕ್ಕೇ ಒಳ್ಳೆಯ ಡಾಕ್ಟರ್‌ಗಳೇ ಇಲ್ಲಿ ಬೇರೆ ಬೇರೆ ಹೇಳುವುದು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ.

ನಮ್ಮ ಸಲಹೆ ಒಂದು ಪ್ರಶ್ನೆಯನ್ನು ಅವಲಂಬಿಸಿದೆ: ಮೊದಲ ವರ್ಷ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮಾರ್ಕರ್, ಜೊತೆಗೆ ಪಟ್ಟಿಯಂತೆ ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್, ಇವನ್ನು ತಪ್ಪದೆ ಮಾಡಿಸಲು ನಿಮ್ಮಿಂದ ಆಗುತ್ತದೆಯೇ? ಈ ಬಗೆಯ ಮರುಕಳಿಕೆ ಬಹುತೇಕ ಮೊದಲ ವರ್ಷದಲ್ಲೇ ಬರುತ್ತದೆ, ಎರಡನೇ ವರ್ಷ ದಾಟಿದರೆ ತೀರಾ ಕಡಿಮೆ. ಕೆಲಸದ ಮೇಲೆ ಊರೂರು ತಿರುಗುವವರು, ರಜೆ ಸಿಗದವರು, ಇನ್ನೊಂದು ವರ್ಷದಲ್ಲಿ ಮಗು ಬೇಕೆಂದು ಯೋಚಿಸಿರುವವರು ಒಂದು ಸೈಕಲ್ ಮುಗಿಸಿಕೊಳ್ಳುವುದೇ ಮೇಲು ಎನಿಸಬಹುದು, ನಿಮ್ಮವರ ಎಲ್‌ವಿಐ ನೋಡಿದರೆ ನಾವೂ ಅದನ್ನು ಒಪ್ಪುತ್ತೇವೆ. ಎಲ್‌ವಿಐ ಇಲ್ಲದಿದ್ದರೆ ನಿಗಾ ಎನ್ನಲು ನಾವು ಹಿಂದೆಮುಂದೆ ನೋಡುತ್ತಿರಲಿಲ್ಲ.

ಬಿಇಪಿ ಎಂದರೆ ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. ಒಂದು ಸೈಕಲ್ 21 ದಿನದ್ದು. ಮೊದಲ ಐದು ದಿನ ಎಟೊಪೊಸೈಡ್ ಮತ್ತು ಸಿಸ್‌ಪ್ಲಾಟಿನ್, ವಾರಕ್ಕೊಮ್ಮೆಯಂತೆ ಮೂರು ಸಲ ಬ್ಲಿಯೋಮೈಸಿನ್. ಸಿಸ್‌ಪ್ಲಾಟಿನ್ ಕಿಡ್ನಿಗೂ ಕಿವಿಗೂ ತ್ರಾಸ ಕೊಡುತ್ತದೆ, ಆದ್ದರಿಂದ ಬಾಟಲಿಗಟ್ಟಲೆ ಸಲೈನ್ ಹಾಕುತ್ತಾರೆ. ಮೂತ್ರ ಎಷ್ಟು ಹೋಯಿತು ಎಂದು ಅಳೆದು ಬರೆಯಲು ಹೇಳಿದರೆ ಬೇಸರಿಸಬೇಡಿ, ಅದು ಔಷಧಿಯಷ್ಟೇ ಮುಖ್ಯ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾದರೆ ಅಂದೇ ತಿಳಿಸಿ. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ತಾಕಬಹುದು. ಬೀಡಿ ಸಿಗರೇಟು ಇದ್ದರೆ ಇವತ್ತೇ ನಿಲ್ಲಲಿ. ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಮುಂದಿನ ಡೋಸ್‌ಗೆ ಮುಂಚೆ ಹೇಳಬೇಕು. ಮುಂದೆಂದಾದರೂ ಬೇರೆ ಆಪರೇಶನ್ ಆದರೆ ಬ್ಲಿಯೋಮೈಸಿನ್ ತಗೊಂಡದ್ದನ್ನು ಅರಿವಳಿಕೆ ಕೊಡುವ ಡಾಕ್ಟರ್‌ಗೆ ತಿಳಿಸಬೇಕು. ಮನೆಗೆ ಒಂದು ಥರ್ಮಾಮೀಟರ್ ತನ್ನಿ. ಬಿಳಿ ರಕ್ತಕಣ ಇಳಿದಿರುವ ಎರಡನೇ ವಾರದ ಆಸುಪಾಸಿನಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಡೋಲೋ ನುಂಗಿಸಿ ಮಲಗಿಸಬೇಡಿ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶಿರಸಿಯಿಂದ ದೊಡ್ಡ ಆಸ್ಪತ್ರೆ ದೂರ. ಆ ಎರಡು ವಾರ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ, ಚಿಕಿತ್ಸೆ ನಡೆಯುವ ಊರಲ್ಲೇ ನೆಂಟರ ಮನೆಯಲ್ಲಿ ಉಳಿಯಲು ಆದರೆ ಒಳ್ಳೆಯದು.

ಹೊಟ್ಟೆಯ ಹಿಂಭಾಗದ ಗ್ರಂಥಿಗಳನ್ನೇ ತೆಗೆಯುವ ಆಪರೇಶನ್ ಕೂಡ ಒಂದಿದೆ, ಆರ್‌ಪಿಎಲ್‌ಎನ್‌ಡಿ ಎನ್ನುತ್ತಾರೆ. ಗಡ್ಡೆಯಲ್ಲಿ ಟೆರಟೋಮಾ ಎಂಬ ಬಗೆಯ ಭಾಗ ಹೆಚ್ಚಿದ್ದಾಗ ಅದು ಯೋಚಿಸಬೇಕಾದ ಮಾತು, ಏಕೆಂದರೆ ಟೆರಟೋಮಾ ಕಿಮೋಗೆ ಕರಗುವುದಿಲ್ಲ. ವೀರ್ಯ ಹೊರಬರಲು ಬೇಕಾದ ನರಗಳು ಅಲ್ಲೇ ಹಾದುಹೋಗುತ್ತವೆ. ಅವನ್ನು ಉಳಿಸಿ ಮಾಡುವ ಕೈ ಬೇಕು. ಈ ಆಪರೇಶನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಸರ್ಜನ್ನರನ್ನು ನೇರವಾಗಿ ಕೇಳಿ, ಅದರಲ್ಲಿ ಅಗೌರವವೇನಿಲ್ಲ. ನಿಮ್ಮವರ ಗಡ್ಡೆಯಲ್ಲಿ 70% ಎಂಬ್ರಯೋನಲ್ ಎಂಬ ಬೇರೆ ಬಗೆಯ ಭಾಗ ಇರುವುದರಿಂದ ಇದು ಮೊದಲ ಆಯ್ಕೆಯಲ್ಲ.

ಪ್ರಶ್ನೆ: ಬೀಜ ಊದಿದೆ, ನೀರು ತುಂಬಿದೆ ಎಂದು ಹೈಡ್ರೋಸಿಲ್ ಆಪರೇಶನ್ ಮಾಡಿದರು. ಚೀಲ ಸೀಳಿ ನೋಡಿದಾಗ ಗಡ್ಡೆ ಇತ್ತಂತೆ, ಅಲ್ಲಿಂದಲೇ ತೆಗೆದರು. ಈಗ ಇನ್ನೊಬ್ಬ ಡಾಕ್ಟರ್ ‘ತೊಡೆಸಂದಿನಿಂದ ತೆಗೆಯಬೇಕಿತ್ತು’ ಅನ್ನುತ್ತಿದ್ದಾರೆ. ಈ ಕಾರಣಕ್ಕೇ ಕಿಮೋ ಬೇಕಾಗುತ್ತದೆಯೇ?
– ಕೊಪ್ಪಳ

ಅದೊಂದೇ ಕಾರಣಕ್ಕೆ ಬೇಡ. ತೊಡೆಸಂದಿನಿಂದ ತೆಗೆಯಬೇಕು ಎನ್ನುವುದೇಕೆಂದರೆ, ಬೀಜದ ದುಗ್ಧನಾಳಗಳು ನೇರವಾಗಿ ಹೊಟ್ಟೆಯೊಳಗೆ ಕಿಡ್ನಿಯ ಹತ್ತಿರಕ್ಕೆ ಹೋಗುತ್ತವೆ, ಚೀಲದ ಚರ್ಮದ ನಾಳಗಳು ತೊಡೆಸಂದಿನ ಗ್ರಂಥಿಗಳಿಗೆ ಹೋಗುತ್ತವೆ. ಚೀಲ ಸೀಳಿದಾಗ ಕಣಗಳು ಬಿದ್ದರೆ ಕಾಯಿಲೆಗೆ ಎರಡನೆಯ ದಾರಿ ತೆರೆದಂತೆ. ಇನ್ನೂ ಒಂದು ಮಾತು: ಬೀಜಕ್ಕೆ ಬರುವ ಹುರಿ, ಅಂದರೆ ಸ್ಪರ್ಮ್ಯಾಟಿಕ್ ಕಾರ್ಡ್, ಎಲ್ಲಿಯವರೆಗೆ ತೆಗೆದಿದ್ದಾರೆ ಎಂಬುದು. ಚೀಲದಿಂದ ಮಾಡಿದಾಗ ಅದರ ಮೇಲ್ಭಾಗ ಉಳಿದಿರುತ್ತದೆ. ಆಪರೇಶನ್ ನೋಟ್ಸ್‌ನ ಪ್ರತಿ ಪಡೆದುಕೊಳ್ಳಿ. ಗಡ್ಡೆ ಇಡಿಯಾಗಿ ಬಂತೋ ಒಡೆಯಿತೋ, ಹುರಿಯ ತುದಿಯಲ್ಲಿ ಕಾಯಿಲೆ ಇತ್ತೋ ಎಂಬುದು ಅದರಲ್ಲೂ ಬಯಾಪ್ಸಿಯಲ್ಲೂ ಗೊತ್ತಾಗಬೇಕು. ಅದನ್ನು ನೋಡಿ, ಉಳಿದ ಹುರಿಯನ್ನೂ ಹೊಲಿಗೆಯ ಗಾಯದ ಚರ್ಮವನ್ನೂ ತೆಗೆಯಬೇಕೇ ಎಂದು ಮೂತ್ರಾಂಗ ಕ್ಯಾನ್ಸರ್ ಸರ್ಜನ್ ನಿರ್ಧರಿಸುತ್ತಾರೆ. ನಿಗಾದ ಪಟ್ಟಿ ಬೇರೆ ರೋಗಿಗಳಿಗೆ ಇರುವಂಥದ್ದೇ. ಜೊತೆಗೆ ಪ್ರತಿ ಭೇಟಿಯಲ್ಲಿ ತೊಡೆಸಂದನ್ನೂ ಚೀಲವನ್ನೂ ಕೈಯಿಂದ ಮುಟ್ಟಿ ನೋಡಬೇಕು, ಸ್ಕ್ಯಾನ್‌ನಲ್ಲಿ ಆ ಭಾಗವೂ ಸೇರಬೇಕು. ಸ್ಕ್ಯಾನ್ ಚೀಟಿಯಲ್ಲಿ ‘ತೊಡೆಸಂದು ಸೇರಿಸಿ’ ಎಂದು ಬರೆಯಲು ಹೇಳಿ, ಇಲ್ಲದಿದ್ದರೆ ಅದು ತಪ್ಪಿಹೋಗಬಹುದು.

ಪ್ರಶ್ನೆ: ತಂದೆಗೆ 64 ವರ್ಷ. ಬಯಾಪ್ಸಿಯಲ್ಲಿ ‘ಸ್ಪರ್ಮ್ಯಾಟೊಸಿಟಿಕ್ ಟ್ಯೂಮರ್’ ಎಂದಿದೆ. ಅದೂ ಸೆಮಿನೋಮಾವೇ, ರೇಡಿಯೇಶನ್ ಕೊಡೋಣ ಎಂದರು.
– ಮಂಡ್ಯ

ಹಿಂದೆ ಅದಕ್ಕೆ ಸ್ಪರ್ಮ್ಯಾಟೊಸಿಟಿಕ್ ಸೆಮಿನೋಮಾ ಎನ್ನುತ್ತಿದ್ದರು, ಗೊಂದಲ ಅಲ್ಲಿಂದಲೇ. ಇದು ಬೇರೆಯದೇ ಗಡ್ಡೆ, ವಯಸ್ಸಾದವರಲ್ಲಿ ಬರುತ್ತದೆ, ಬೀಜ ಬಿಟ್ಟು ಆಚೆ ಹರಡುವುದು ತೀರಾ ಅಪರೂಪ. ಬೀಜ ತೆಗೆದರೆ ಸಾಮಾನ್ಯವಾಗಿ ಚಿಕಿತ್ಸೆ ಮುಗಿಯಿತು. ಆದರೆ ಸ್ಲೈಡ್‌ಗಳನ್ನು ಇನ್ನೊಂದು ಕಡೆ ಓದಿಸದೆ ಬಿಡಬೇಡಿ. ಅರವತ್ತು ದಾಟಿದವರ ಬೀಜದಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಲಿಂಫೋಮಾ (ದುಗ್ಧಕಣಗಳ ಕ್ಯಾನ್ಸರ್), ಅದರ ಚಿಕಿತ್ಸೆ ಪೂರ್ತಿ ಬೇರೆ.

ಪ್ರಶ್ನೆ: ನನಗೆ 24, ಮದುವೆಯಾಗಿಲ್ಲ. ಒಂದೇ ಬೀಜ ಉಳಿದಿದೆ. ಮುಂದೆ ಮಕ್ಕಳಾಗುತ್ತವೆಯೇ? ಗಂಡಸುತನ ಕಡಿಮೆಯಾಗುತ್ತದೆಯೇ? ಹುಡುಗಿಯ ಮನೆಯವರಿಗೆ ಏನು ಹೇಳಲಿ?
– ಊರು ಬೇಡ

ಉಳಿದ ಬೀಜ ಆರೋಗ್ಯವಾಗಿದ್ದರೆ ಟೆಸ್ಟೊಸ್ಟಿರಾನ್ ಹಾರ್ಮೋನಿಗೆ ಅದೊಂದೇ ಸಾಕು. ಗಡ್ಡ ಮೀಸೆ, ಧ್ವನಿ, ನಿಮಿರುವಿಕೆ ಯಾವುದೂ ಬದಲಾಗುವುದಿಲ್ಲ. ಕೆಲವರಿಗೆ ಮಾತ್ರ ವರ್ಷಗಳ ನಂತರ ಕೊರತೆ ಕಾಣಬಹುದು. ಸುಸ್ತು, ಆಸಕ್ತಿ ಕುಂದುವುದು ಕಂಡರೆ ಬೆಳಗಿನ ಹೊತ್ತು ಟೆಸ್ಟೊಸ್ಟಿರಾನ್ ಮತ್ತು ಎಲ್‌ಎಚ್ (ಟೆಸ್ಟೊಸ್ಟಿರಾನ್ ತಯಾರಿಸಲು ಬೀಜವನ್ನು ಪ್ರಚೋದಿಸುವ ಹಾರ್ಮೋನ್) ಪರೀಕ್ಷೆ ಮಾಡಿಸಿ. ಕಡಿಮೆಯಿದ್ದರೆ ಅದಕ್ಕೆ ಔಷಧಿಯಿದೆ.

ಮಕ್ಕಳ ವಿಷಯದಲ್ಲಿ ನಾವು ಒತ್ತಿ ಹೇಳುವುದು ವೀರ್ಯ ಶೇಖರಣೆಯ ಬಗ್ಗೆ. ಈ ಕಾಯಿಲೆ ಬಂದವರಲ್ಲಿ ಅನೇಕರಿಗೆ ಚಿಕಿತ್ಸೆಗೆ ಮುಂಚೆಯೇ ವೀರ್ಯಾಣು ಕಡಿಮೆ ಇರುತ್ತದೆ. ನಿಗಾದಲ್ಲೇ ಇರುತ್ತೀರೆಂದರೂ ಈಗೊಮ್ಮೆ ವೀರ್ಯ ಪರೀಕ್ಷೆ ಮಾಡಿಸಿ. ಕಿಮೋ ಅಥವಾ ರೇಡಿಯೇಶನ್ ಶುರುವಾಗುವುದಿದ್ದರೆ ಅದಕ್ಕೆ ಮುಂಚೆ ಶೇಖರಿಸಿಡಿ. ಎರಡು ಮೂರು ದಿನ ವೀರ್ಯ ಹೊರಹಾಕದೆ ಇದ್ದು ಒಂದು ಸ್ಯಾಂಪಲ್, ಆಗುವುದಾದರೆ ಅಷ್ಟೇ ಅಂತರ ಬಿಟ್ಟು ಇನ್ನೊಂದೆರಡು. ಒಂದು ವಾರದಲ್ಲಿ ಮುಗಿಯುತ್ತದೆ, ಅಷ್ಟಕ್ಕೆ ಚಿಕಿತ್ಸೆ ತಡವಾಯಿತು ಎಂದಾಗುವುದಿಲ್ಲ. ಮೊದಲ ಶುಲ್ಕವಲ್ಲದೆ ವರ್ಷ ವರ್ಷವೂ ಇಡುವ ಶುಲ್ಕ ಎಷ್ಟು, ಕಟ್ಟದಿದ್ದರೆ ಏನು ಮಾಡುತ್ತಾರೆ ಎಂದು ಸಹಿ ಹಾಕುವ ಮುಂಚೆ ಕೇಳಿ. ಒಂದು ಸೈಕಲ್ ಕಿಮೋ ಆದಮೇಲೆ ವೀರ್ಯಾಣು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದರೂ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ, ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಹುಡುಗಿಗೆ ನಿಜ ಹೇಳಿ. ಮದುವೆ ಮಾತು ಮುಂದುವರಿಯುತ್ತದೆ ಎನಿಸಿದಾಗ ನೀವೇ ಹೇಳಿದರೆ, ನಡುವಿನವರ ಬಾಯಿಂದ ಕೇಳುವುದಕ್ಕಿಂತ ಮೇಲು. ಬೇಕಿದ್ದರೆ ಅವರನ್ನೂ ಒಂದು ಚೆಕಪ್‌ಗೆ ಜೊತೆಗೆ ಕರೆದುಕೊಂಡು ಬನ್ನಿ, ಡಾಕ್ಟರ್ ಎದುರಿಗೇ ಕೇಳಿ ತಿಳಿಯಲಿ. ಖಾಲಿ ಚೀಲ ಮನಸ್ಸಿಗೆ ಚುಚ್ಚುತ್ತಿದ್ದರೆ ಸಿಲಿಕೋನ್ ಬೀಜ ಇರಿಸಬಹುದು. ಅದು ನೋಟಕ್ಕಷ್ಟೇ, ಅದಕ್ಕೆ ಆತುರವೂ ಇಲ್ಲ.

ತಿಂಗಳಿಗೊಮ್ಮೆ ಬಿಸಿನೀರು ಸ್ನಾನವಾದಮೇಲೆ ಉಳಿದ ಬೀಜವನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಮೆಲ್ಲಗೆ ಉರುಳಿಸಿ ನೋಡಿ. ಹಿಂಬದಿಯಲ್ಲಿ ಮೆತ್ತನೆಯ ಹುರಿಯಂಥದ್ದು ಸಿಗುತ್ತದೆ, ಅದು ಸಹಜ. ಬೀಜದ ಮೈಗೇ ಅಂಟಿದ ಗಟ್ಟಿ ಗಂಟು, ನೋವಿಲ್ಲದಿದ್ದರೂ, ಸಹಜವಲ್ಲ. ಒಂದು ಕಡೆ ಬಂದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇನ್ನೊಂದು ಕಡೆಯೂ ಬರಬಹುದು. ಚಿಕ್ಕವರಿದ್ದಾಗ ಬೀಜ ಚೀಲಕ್ಕೆ ಇಳಿದಿರದೆ ಆಪರೇಶನ್ ಆಗಿದ್ದವರು ಇದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಬೇಕು.

ಪ್ರಶ್ನೆ: ಮಗ ಆಪರೇಶನ್ ಆದಮೇಲೆ ಒಂದೇ ಸಲ ಚೆಕಪ್‌ಗೆ ಹೋದ. ‘ಆರಾಮಿದೀನಿ, ಸುಮ್ಮನೆ ದುಡ್ಡು ದಂಡ’ ಅಂತಾನೆ. ಬೆಂಗಳೂರಿಗೆ ಹೋಗಿಬರುವ ಖರ್ಚೂ ಇದೆ. ಪರಿಚಯದವರು ನಾಟಿ ಔಷಧಿ ಕೊಡುತ್ತಾರೆ, ಅದು ಕೊಟ್ಟರೆ ನಡೆಯುತ್ತದೆಯೇ?
– ಯಾದಗಿರಿ ಜಿಲ್ಲೆ

ತಾಯೀ, ನಿಗಾ ಎಂಬ ದಾರಿ ಸುರಕ್ಷಿತವಾಗಿರುವುದು ಬಂದು ತೋರಿಸುವವರಿಗೆ ಮಾತ್ರ. ಹೊಟ್ಟೆಯ ಹಿಂದೆ ಒಂದೂವರೆ ಸೆಂ.ಮೀ. ಗ್ರಂಥಿ ಊದಿದ್ದರೆ ಮೈಗೆ ಏನೂ ಗೊತ್ತಾಗುವುದಿಲ್ಲ. ಬೆನ್ನುನೋವು ಬರುವ ಹೊತ್ತಿಗೆ ಅದು ಬಹಳ ದೊಡ್ಡದಾಗಿರುತ್ತದೆ, ಆಗ ಚಿಕಿತ್ಸೆಯೂ ದೊಡ್ಡದು. ಮಗ ನಿಜಕ್ಕೂ ಬರುವವನಲ್ಲ ಎಂದಾದರೆ ಅದನ್ನೇ ಡಾಕ್ಟರ್‌ಗೆ ಬಿಚ್ಚಿ ಹೇಳಿ. ಅಂಥವರಿಗೆ ಮುಂಚೆಯೇ ಒಂದು ಡೋಸ್ ಕೊಡುವುದು ಒಳ್ಳೆಯ ನಿರ್ಧಾರವಾಗಬಹುದು. ಬೈಸಿಕೊಳ್ಳುತ್ತೇವೆಂದು ಮುಚ್ಚಿಡಬೇಡಿ.

ಖರ್ಚಿನ ಮಾತು. ಪ್ರತಿ ಸಲ ಬೆಂಗಳೂರಿಗೇ ಬರಬೇಕೆಂದಿಲ್ಲ. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿದೆ, ಯಾವ ಪರೀಕ್ಷೆ ಅಲ್ಲಿ ಆಗುತ್ತದೆ ಎಂದು ಕೇಳಿ. ಮಾರ್ಕರ್ ರಕ್ತಪರೀಕ್ಷೆಯನ್ನು ಹತ್ತಿರದ ಪಟ್ಟಣದಲ್ಲೇ ಮಾಡಿಸಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಚೆಕಪ್ ಸ್ಕ್ಯಾನ್ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ. ಬಹಳ ಜನರಿಗೆ ಗೊತ್ತಿಲ್ಲದ್ದು ರೈಲಿನ ರಿಯಾಯಿತಿ. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗಷ್ಟೇ ಅಲ್ಲ, ಚೆಕಪ್ ಪ್ರಯಾಣಕ್ಕೂ ಅದು ಸಿಗುತ್ತದೆ, ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ, ಜೊತೆಗೆ ಬರುವವರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯವರು ರೈಲ್ವೆ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆದುಕೊಡಬೇಕು, ಡಿಸ್ಚಾರ್ಜ್ ಆಗುವಾಗಲೇ ಕೇಳಿ.

ನಾಟಿ ಔಷಧಿ ಬೇಡ ಎನ್ನುವುದಕ್ಕೆ ಇಲ್ಲಿ ಒಂದು ನಿರ್ದಿಷ್ಟ ಕಾರಣವಿದೆ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಔಷಧಿಯಿಂದ ಲಿವರ್‌ಗೆ ಪೆಟ್ಟಾದರೆ ಎಎಫ್‌ಪಿ ಏರಬಹುದು. ಆಗ ಕ್ಯಾನ್ಸರ್ ಮರಳಿತೋ, ಲಿವರ್ ಕೆಟ್ಟಿತೋ ಎಂದು ತಿಳಿಯಲು ಮತ್ತೆ ಸ್ಕ್ಯಾನ್ ಮೇಲೆ ಸ್ಕ್ಯಾನ್. ಈಗಾಗಲೇ ಕೊಟ್ಟಿದ್ದರೆ ಡಾಕ್ಟರ್‌ಗೆ ತಿಳಿಸಿ.

ಪ್ರಶ್ನೆ: ನಾನು ಉಡುಪಿ ಕಡೆಯವನು, ಕೆಲಸ ದುಬೈನಲ್ಲಿ. ಸೆಮಿನೋಮಾ ಆಪರೇಶನ್ ಊರಲ್ಲಾಯಿತು, ಈಗ ನಿಗಾದಲ್ಲಿದ್ದೇನೆ. ಇಲ್ಲಿ ಮಾಡಿಸಿದಾಗ ಬೀಟಾ ಎಚ್‌ಸಿಜಿ 6 ಬಂತು, ಊರಲ್ಲಿ 2ರ ಒಳಗಿತ್ತು. ಪೆಟ್ ಸ್ಕ್ಯಾನ್ ಮಾಡಿಸಿ ನೋಡೋಣವೇ?
– ದುಬೈ

ಒಂದೇ ಒಂದು ಸಲದ 6 ನೋಡಿ ಯಾರೂ ಕಿಮೋ ಶುರುಮಾಡಬಾರದು. ಲ್ಯಾಬ್ ಬದಲಾದರೆ ಕಿಟ್ ಬದಲಾಗುತ್ತದೆ, ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ. ಟೆಸ್ಟೊಸ್ಟಿರಾನ್ ಕಡಿಮೆಯಾಗಿ ಎಲ್‌ಎಚ್ ಏರಿದಾಗಲೂ ಕೆಲವು ಕಿಟ್‌ಗಳು ಅದನ್ನು ಎಚ್‌ಸಿಜಿ ಎಂದು ಓದುತ್ತವೆ. ಒಂದೆರಡು ವಾರ ಬಿಟ್ಟು ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ, ಜೊತೆಗೆ ಎಲ್‌ಎಚ್ ಮತ್ತು ಟೆಸ್ಟೊಸ್ಟಿರಾನ್ ಕೂಡ. ನಿಜವಾದ ಮರುಕಳಿಕೆಯಾದರೆ ಸಂಖ್ಯೆ ನಿಲ್ಲುವುದಿಲ್ಲ, ಸಲದಿಂದ ಸಲಕ್ಕೆ ಏರುತ್ತದೆ. ಏರಿದರೆ ಕಾಯದೆ ಸಿಟಿ ಮಾಡಿಸಿ.

ಪೆಟ್ ಇಲ್ಲಿ ನೆರವಾಗುವುದಿಲ್ಲ. ಒಂದು ಸೆಂ.ಮೀ.ಗಿಂತ ಚಿಕ್ಕ ಗ್ರಂಥಿಯಲ್ಲಿರುವ ಕಾಯಿಲೆಯನ್ನು ಅದು ಹಿಡಿಯದೆ ಬಿಡಬಹುದು, ಬೇರೇನೋ ಕಾರಣಕ್ಕೆ ಹೊಳೆದ ಗ್ರಂಥಿಯನ್ನು ನೋಡಿ ನೀವು ಹೆದರಬಹುದು. ಬೇಕಿರುವುದು ಕಾಂಟ್ರಾಸ್ಟ್ ಹಾಕಿದ ಸಿಟಿ, ಅಥವಾ ಅನುಭವವಿರುವ ಕಡೆ ಎಂಆರ್‌ಐ. 8–9 ಮಿ.ಮೀ. ಗ್ರಂಥಿಯೊಂದು ಕಂಡರೂ, ಮಾರ್ಕರ್ ಸರಿಯಿದ್ದರೆ, ಆರೆಂಟು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಬೆಳೆಯಿತೇ ಎಂದು ನೋಡುವುದು ಜಾಣತನ.

ಊರಿಗೆ ಬಂದಾಗ ಒಂದು ಫೈಲ್ ಮಾಡಿಕೊಂಡು ಹೋಗಿ: ಬಯಾಪ್ಸಿ ರಿಪೋರ್ಟ್, ಆಪರೇಶನ್ ನೋಟ್ಸ್, ಆಪರೇಶನ್‌ಗೆ ಮುಂಚಿನಿಂದ ಇಂದಿನವರೆಗಿನ ಮಾರ್ಕರ್ ಪಟ್ಟಿ, ಮತ್ತು ಪ್ರತಿ ಸ್ಕ್ಯಾನ್‌ನ ಸಿಡಿ. ರಿಪೋರ್ಟ್ ಹಾಳೆ ಇದ್ದು ಸಿಡಿ ಇಲ್ಲದಿದ್ದರೆ ಅಲ್ಲಿನ ರೇಡಿಯಾಲಜಿಸ್ಟ್ ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟು ಅಳೆಯಲಾರರು. ರಜೆಯನ್ನು ಸ್ಕ್ಯಾನ್ ತಿಂಗಳಿಗೆ ಹೊಂದಿಸಿಕೊಳ್ಳಲು ಆದರೆ ಸ್ಕ್ಯಾನ್‌ಗಳೆಲ್ಲ ಊರಿನ ಒಂದೇ ಕಡೆ ಆಗಲಿ, ನಡುವಿನ ರಕ್ತಪರೀಕ್ಷೆಗಳು ದುಬೈನ ಒಂದೇ ಲ್ಯಾಬ್‌ನಲ್ಲಿ.